ತಂಬುಳಿಯ ಒಂದೆಲಗ, ಲೋಟದ ಒಂದೆಲಗ

ಪ್ರಶ್ನೆ: ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯ ಒಂದು ಹಳ್ಳಿ ನಮ್ಮದು. ಎರಡು ಎಕರೆ ಅಡಿಕೆ ತೋಟ. ಬಸಿಗಾಲುವೆಯ ಎರಡೂ ಅಂಚಿಗೆ ಒಂದೆಲಗ ಹಾಸಿಕೊಂಡು ಬೆಳೆದಿದೆ. ಅತ್ತೆಯವರ ಕಾಲದಿಂದಲೂ ವಾರಕ್ಕೊಮ್ಮೆ ತಂಬುಳಿ ಮಾಡುತ್ತೇವೆ. ಮಗಳು ಈ ವರ್ಷ ದ್ವಿತೀಯ ಪಿಯುಸಿ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಅಳುತ್ತಾಳೆ. ಹಾಗಾಗಿ ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರ್ಧ ಲೋಟ ಒಂದೆಲಗದ ರಸ ಕೊಡುತ್ತಿದ್ದೇನೆ. ಬೆಂಗಳೂರಿನ ನಾದಿನಿ ಬ್ರಾಹ್ಮಿ ಕ್ಯಾಪ್ಸೂಲ್ ಕಳಿಸಿದ್ದಾಳೆ. ಅದೂ ದಿನಕ್ಕೆ ಎರಡು ನಡೆದಿದೆ. ಅತ್ತೆಯವರಿಗೆ 78 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ, ರಾತ್ರಿ ನಿದ್ದೆಗೆ ಇನ್ನೊಂದು ಮಾತ್ರೆ. ಮೊಮ್ಮಗಳ ಜೊತೆ ಅವರೂ ರಸ ಕುಡಿಯುತ್ತಾರೆ. ಮೊನ್ನೆ ಅಕ್ಕನ ಮಗ ಬಂದವನು ಮೂರು ಮಾತು ಹೇಳಿ ಹೋದ. ಇದು ನಿಜವಾದ ಬ್ರಾಹ್ಮಿಯೇ ಅಲ್ಲ. ಇದರಿಂದ ಲಿವರ್ ಹಾಳಾಗುತ್ತದೆ. ತೋಟದ್ದಕ್ಕಿಂತ ಕಾಡಿನದ್ದು ಒಳ್ಳೆಯದು. ಅದನ್ನು ಕೇಳಿಸಿಕೊಂಡು ತೋಟದ ಕೆಲಸಕ್ಕೆ ಬರುವವರು ಬೆಟ್ಟದ ಹಳ್ಳದಿಂದ ಒಂದು ಚೀಲ ಸೊಪ್ಪು ತಂದುಕೊಟ್ಟಿದ್ದಾರೆ. ನೋಡಲು ಒಂದೆಲಗದ ಹಾಗೇ ಇದೆ. ಆದರೆ ಎಲೆ ದೊಡ್ಡದು, ಮುಟ್ಟಿದರೆ ಸಣ್ಣ ರೋಮ. ಯಾವುದನ್ನು ನಂಬಲಿ, ಯಾವುದನ್ನು ನಿಲ್ಲಿಸಲಿ?

ಉತ್ತರ: ಆ ಚೀಲದ ಸೊಪ್ಪನ್ನು ಇವತ್ತೇ ಅಡುಗೆಮನೆಯಿಂದ ಹೊರಗಿಡಿ. ಉಳಿದದ್ದನ್ನು ಸಾವಕಾಶ ಮಾತಾಡೋಣ. ಹೊರಗಿಡಿ ಅಂದೆ, ಎಸೆಯಬೇಡಿ. ಅದರಿಂದ ಒಂದು ಕೆಲಸವಿದೆ, ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಎರಡು ಭಯ ಕಂಡವು. ತಲೆಮಾರಿನಿಂದ ಉಂಡು ಬಂದ ಸೊಪ್ಪು ಮಗಳಿಗೆ ಏನಾದರೂ ಮಾಡಿಬಿಟ್ಟಿತಾ ಎಂಬುದು ಒಂದು. ಪರೀಕ್ಷೆ ಹತ್ತಿರ ಬಂದಾಗ ನಿಲ್ಲಿಸಿದರೆ ಇದ್ದ ನೆನಪೂ ಹೋದೀತೇನೋ ಎಂಬುದು ಇನ್ನೊಂದು. ಎರಡನೆಯದನ್ನು ಈಗಲೇ ಬಿಟ್ಟುಬಿಡಿ. ಒಂದೆಲಗ ನಿಲ್ಲಿಸಿದ್ದಕ್ಕೆ ಓದಿದ್ದು ಮರೆತುಹೋಗುವುದಿಲ್ಲ. ಮೊದಲನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ನಿಮ್ಮ ಅಕ್ಕನ ಮಗನ ಮೂರು ಮಾತಿನಲ್ಲಿ ಒಂದು ಅರ್ಧ ಸರಿ, ಇನ್ನೊಂದು ಕಾಲುಭಾಗ ಸರಿ, ಮೂರನೆಯದು ತಪ್ಪು. ಲಿವರ್ ಹಾಳಾಗುತ್ತದೆ ಅಂದವನೇ ಕಾಡಿನದ್ದು ತಿನ್ನಿ ಅಂದನಲ್ಲ, ಅದನ್ನು ಓದಿ ನಕ್ಕೆ. ಆದರೂ ಹುಡುಗ ಪ್ರಶ್ನೆ ಎತ್ತಿದ್ದು ಒಳ್ಳೆಯದೇ ಆಯಿತು.

ಮೊದಲು ಬ್ರಾಹ್ಮಿಯ ಹೆಸರಿನ ಜಗಳ. ಈ ಹೆಸರಿಗೆ ನಮ್ಮ ದೇಶದಲ್ಲಿ ಇಬ್ಬರು ವಾರಸುದಾರರು. ಒಬ್ಬರು ನಿಮ್ಮ ಬಸಿಗಾಲುವೆಯ ಒಂದೆಲಗ. ಸಂಸ್ಕೃತದಲ್ಲಿ ಮಂಡೂಕಪರ್ಣಿ, ತುಳುವಿನಲ್ಲಿ ತಿಮರೆ, ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷಿಯಾಟಿಕಾ. ಇದು ಕ್ಯಾರೆಟ್ ಕುಟುಂಬದ ಗಿಡ. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ, ಇಂಗು, ಎಲ್ಲ ಇದರ ದಾಯಾದಿಗಳೇ. ಎಲೆ ಹಿಸುಕಿ ಮೂಸಿ ನೋಡಿ, ಕ್ಯಾರೆಟ್ ಸೊಪ್ಪಿನದೇ ಒಂದು ತೆಳು ವಾಸನೆ ಸಿಗುತ್ತದೆ. ಇನ್ನೊಬ್ಬರು ನೀರುಬ್ರಾಹ್ಮಿ, ಬಕೋಪಾ ಮೊನ್ನಿಯೆರಿ. ಕೆರೆಯಂಚಿನ ಕೆಸರಿನಲ್ಲಿ ಬೆಳೆಯುತ್ತದೆ. ದಪ್ಪ ಪುಟ್ಟ ಎಲೆಗಳು ಎದುರುಬದುರಾಗಿ ಇರುತ್ತವೆ, ತೊಟ್ಟು ಇಲ್ಲವೆನ್ನುವಷ್ಟು ಕಡಿಮೆ, ಬಿಳಿ ಅಥವಾ ತಿಳಿ ನೇರಳೆ ಹೂ, ಕಟು ಕಹಿ. ಎರಡಕ್ಕೂ ರೂಪದಲ್ಲಿ ಏನೂ ಹೋಲಿಕೆಯಿಲ್ಲ, ಕುಟುಂಬವೂ ಬೇರೆ.

ಕೇರಳದ ವೈದ್ಯರು ಬ್ರಾಹ್ಮಿ ಅಂದರೆ ನೀರುಬ್ರಾಹ್ಮಿಯನ್ನೇ ಹಿಡಿಯುತ್ತಾರೆ. ಉತ್ತರ ಭಾರತದ ಬಹಳ ಕಡೆ ಮತ್ತು ನಮ್ಮ ಮನೆಗಳಲ್ಲಿ ಬ್ರಾಹ್ಮಿ ಅಂದರೆ ಒಂದೆಲಗ. ಸರ್ಕಾರದ ಆಯುರ್ವೇದ ಔಷಧಕೋಶ ಈ ಗೊಂದಲ ಬೇಡವೆಂದು ಬಕೋಪಾಗೆ ಬ್ರಾಹ್ಮಿ, ಸೆಂಟೆಲ್ಲಾಗೆ ಮಂಡೂಕಪರ್ಣಿ ಎಂದು ಹಂಚಿಬಿಟ್ಟಿದೆ. ಆ ಲೆಕ್ಕದಲ್ಲಿ ಹುಡುಗನ ಮಾತು ಸರಿ. ಆದರೆ ‘ನಿಜವಾದದ್ದು ಅಲ್ಲ’ ಅಂದಕೂಡಲೇ ‘ಕೆಲಸಕ್ಕೆ ಬಾರದ್ದು’ ಅಂತ ಕೇಳಿಸುತ್ತದೆ, ಅದು ತಪ್ಪು. ಚರಕ ಸಂಹಿತೆಯಲ್ಲಿ ಬುದ್ಧಿಗೆಂದೇ ಹೇಳಿದ ನಾಲ್ಕು ರಸಾಯನಗಳಿವೆ. ಅವುಗಳಲ್ಲಿ ಮೊದಲು ಬರುವುದೇ ಮಂಡೂಕಪರ್ಣಿಯ ರಸ. ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಅದರ ನಂತರ.

ನಾನು ಆಯುರ್ವೇದದ ವಿದ್ಯಾರ್ಥಿಗಳಿಗೆ ದ್ರವ್ಯಗುಣ, ಅಂದರೆ ಔಷಧಿ ಗಿಡಗಳ ಪಾಠ ಮಾಡುತ್ತಿದ್ದ ಕಾಲದಲ್ಲಿ ಪೇಟೆಯ ಅಂಗಡಿಯೊಂದರಿಂದ ಒಂದು ಕಿಲೋ ಒಣ ಬ್ರಾಹ್ಮಿ ತರಿಸಿದ್ದೆ. ವಿದ್ಯಾರ್ಥಿಗಳ ಎದುರು ನೀರಲ್ಲಿ ನೆನೆಸಿ, ಎಳೆ ಎಳೆಯಾಗಿ ಬಿಡಿಸಿ ನೋಡಿದೆವು. ಎರಡೂ ಗಿಡ ಕಲೆತಿದ್ದವು. ಜೊತೆಗೆ ಬೇಕಾದಷ್ಟು ಹುಲ್ಲು, ಒಂದು ಬಸವನಹುಳದ ಚಿಪ್ಪು. ಅವತ್ತಿನಿಂದ ಪುಡಿ ಮಾಡಿದ ಬ್ರಾಹ್ಮಿ ಕಂಡರೆ ನನಗೆ ಅಷ್ಟು ನಂಬಿಕೆಯಿಲ್ಲ. ನಿಮ್ಮ ನಾದಿನಿ ಕಳಿಸಿದ ಡಬ್ಬಿಯ ಹಿಂದೆ ಸಸ್ಯದ ಶಾಸ್ತ್ರೀಯ ಹೆಸರು ಏನಿದೆ ನೋಡಿ. ಬರೀ ‘ಬ್ರಾಹ್ಮಿ’ ಅಂತಿದ್ದು ಶಾಸ್ತ್ರೀಯ ಹೆಸರೂ ಇಲ್ಲ, ತಯಾರಿಕಾ ಲೈಸೆನ್ಸ್ ನಂಬರೂ ಇಲ್ಲ ಅಂತಾದರೆ, ಒಳಗೆ ಏನಿದೆ ಅಂತ ನನ್ನನ್ನೂ ಕೇಳಬೇಡಿ.

ಇನ್ನು ನೆನಪಿನ ಶಕ್ತಿ. ಒಂದೆಲಗದ ಮೇಲೆ ನಡೆದ 11 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2017ರಲ್ಲಿ ಬಂತು. ಉತ್ತರ ನಮ್ಮಂಥವರಿಗೆ ಸ್ವಲ್ಪ ನಿರಾಸೆಯದ್ದೇ. ನೆನಪು, ಗ್ರಹಿಕೆ ಇವುಗಳಲ್ಲಿ ಒಂದೆಲಗ ತೆಗೆದುಕೊಂಡವರಿಗೂ ಸುಮ್ನೆ ಖಾಲಿ ಗುಳಿಗೆ ನುಂಗಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸೇವಿಸಿದ ಒಂದು ಗಂಟೆಗೆ ಮನಸ್ಸು ಚುರುಕಾದದ್ದು, ಸಿಡುಕು ಇಳಿದದ್ದು ಮಾತ್ರ ಕಂಡಿತು. ನೀರುಬ್ರಾಹ್ಮಿಯ ಮೇಲೆ ದೊಡ್ಡವರಲ್ಲಿ ಸುಮಾರು 12 ವಾರ ನಡೆದ ಪ್ರಯೋಗಗಳಿವೆ. ಓದಿದ್ದನ್ನು ಮತ್ತೆ ನೆನಪಿಸಿಕೊಳ್ಳುವುದರಲ್ಲಿ ಕೆಲವದರಲ್ಲಿ ಸಣ್ಣ ಲಾಭ ಕಂಡಿದೆ. ಜೊತೆಗೆ ಹೊಟ್ಟೆ ತೊಳೆಸುವುದು, ಭೇದಿ ಕೂಡ. ಇದರಲ್ಲಿ ಯಾವುದೂ ಪರೀಕ್ಷೆಯ ಅಂಕ ಏರಿಸಿದ್ದಕ್ಕೆ ಸಾಕ್ಷಿ ಅಲ್ಲ.

ಹಾಗಾದರೆ ಚರಕ ಹೇಳಿದ್ದು ಸುಳ್ಳಾ? ನನಗೆ ಹಾಗೆ ಅನ್ನಿಸುವುದಿಲ್ಲ. ರಸಾಯನ ಅನ್ನುವುದು ಊಟ, ನಿದ್ದೆ, ದಿನಚರಿ ಎಲ್ಲ ಸರಿಮಾಡಿಕೊಂಡು ಮಾಡುವ ಕ್ರಮ. ಅದರಲ್ಲಿ ಸೊಪ್ಪಿನ ರಸ ಒಂದು ಭಾಗ ಅಷ್ಟೇ. ನಾವು ಉಳಿದದ್ದನ್ನೆಲ್ಲ ಬಿಟ್ಟು ರಸ ಒಂದನ್ನು ಹಿಡಿದುಕೊಂಡೆವು. ಅಂದಹಾಗೆ, ಇದೇ ಗಿಡಕ್ಕೆ ಗಾಯ ಮಾಗಿಸುವ ವಿಷಯದಲ್ಲಿ ಇನ್ನೂ ಗಟ್ಟಿ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಔಷಧಿ ಗಿಡಗಳ ಬಗ್ಗೆ ಬರೆದಾಗ ಒಂದೆಲಗಕ್ಕೆ ಮುಂದೆ ಇಟ್ಟದ್ದು ಗಾಯ, ಸುಟ್ಟಗಾಯ, ಅದರ ಕಲೆಗಳ ಉಪಯೋಗವನ್ನೇ. ಈಗ ಹುಡುಗಿಯರು ಮುಖಕ್ಕೆ ಹಚ್ಚುವ ಕೊರಿಯಾದ ‘ಸಿಕಾ’ ಕ್ರೀಮು ಇದೆಯಲ್ಲ, ಅದರಲ್ಲಿರುವುದೂ ನಿಮ್ಮ ಬಸಿಗಾಲುವೆಯ ಗಿಡವೇ.

ಈಗ ಲಿವರ್. ಈ ಮಾತು ಎಲ್ಲಿಂದ ಹುಟ್ಟಿತು ಅಂದರೆ, 2005ರಲ್ಲಿ ಅರ್ಜೆಂಟೀನಾದ ವೈದ್ಯರು ಮೂವರು ಹೆಂಗಸರ ಬಗ್ಗೆ ವರದಿ ಬರೆದರು. ಮೂವರೂ ಸೆಂಟೆಲ್ಲಾ ಮಾತ್ರೆ ತೆಗೆದುಕೊಂಡಿದ್ದರು. ಒಬ್ಬರು 20 ದಿನ, ಒಬ್ಬರು 30, ಇನ್ನೊಬ್ಬರು 60. ಮೂವರಿಗೂ ಕಾಮಾಲೆ ಬಂತು. ನಿಲ್ಲಿಸಿ ಚಿಕಿತ್ಸೆ ಕೊಟ್ಟಮೇಲೆ ಸುಧಾರಿಸಿದರು. ಒಬ್ಬರು ಮತ್ತೆ ಅದೇ ಮಾತ್ರೆ ಶುರುಮಾಡಿದರು, ಮತ್ತೆ ಲಿವರ್ ಕೆಟ್ಟಿತು. ಈ ಕೊನೆಯ ವಿಷಯವನ್ನು ವೈದ್ಯನಾಗಿ ನಾನು ಹಗುರವಾಗಿ ತಳ್ಳಿಹಾಕಲಾರೆ. ಬಿಟ್ಟಾಗ ಹೋಗಿ, ಹಿಡಿದಾಗ ಮರಳಿ ಬಂದರೆ ಅದು ಕಾಕತಾಳೀಯ ಅನ್ನುವುದು ಕಷ್ಟ.

ಹಾಗೆಂದು ಇನ್ನೊಂದು ಕಡೆಯನ್ನೂ ನೋಡಬೇಕಲ್ಲ. ನಮ್ಮ ಜಿಲ್ಲೆಯಲ್ಲಿ, ತುಳುನಾಡಿನಲ್ಲಿ, ಶ್ರೀಲಂಕಾದಲ್ಲಿ ಈ ಸೊಪ್ಪನ್ನು ತಿನ್ನದ ಮನೆ ಕಡಿಮೆ. ಶ್ರೀಲಂಕಾದವರು ಇದನ್ನು ಹಸಿಯಾಗೇ ಹೆಚ್ಚಿ, ಕಾಯಿತುರಿ ಬೆರೆಸಿ ತಿನ್ನುತ್ತಾರೆ, ಗಂಜಿಗೂ ಹಾಕುತ್ತಾರೆ. ಇಷ್ಟು ವರ್ಷದ ನನ್ನ ಅನುಭವದಲ್ಲಿ ತಂಬುಳಿ ಉಂಡು ಕಾಮಾಲೆ ಬಂದವರನ್ನು ನಾನು ನೋಡಿಲ್ಲ.

ವ್ಯತ್ಯಾಸ ಇರುವುದು ಅಳತೆಯಲ್ಲಿ. ನಿಮ್ಮ ಪತ್ರ ಬಂದಮೇಲೆ ನಮ್ಮ ಮನೆಯಲ್ಲೇ ತೂಗಿ ನೋಡಿದೆ. ಐದು ಜನರ ತಂಬುಳಿಗೆ ನಮ್ಮವಳು ಹಾಕುವುದು ಒಂದು ಹಿಡಿ ಎಲೆ, ಸುಮಾರು 25 ಗ್ರಾಂ. ಅಂದರೆ ತಲೆಗೆ 5 ಗ್ರಾಂ, ಅದೂ ವಾರಕ್ಕೊಮ್ಮೆ. ನೀರು ಹಾಕದೆ ಅರೆದು ಹಿಂಡಿದರೆ ಅರ್ಧ ಲೋಟ ರಸಕ್ಕೆ ಸುಮಾರು 150 ಗ್ರಾಂ ಎಲೆ ಬೇಕಾಯಿತು. ನೀವು ನೀರು ಬೆರೆಸುತ್ತಿದ್ದರೆ ಕಡಿಮೆ ಆಗಬಹುದು. ಆದರೂ ಮಗಳು ಒಂದು ಬೆಳಿಗ್ಗೆ ಕುಡಿಯುವುದು ಮೂವತ್ತು ಜನ ಉಣ್ಣುವ ತಂಬುಳಿಯ ಹತ್ತಿರ ಹೋಗುತ್ತದೆ. ದಿನಾ, ಮೂರು ತಿಂಗಳು.

ಅದರ ಮೇಲೆ ಕ್ಯಾಪ್ಸೂಲ್. ಡಬ್ಬಿಯ ಮೇಲೆ ‘ಸಾರ, 10:1, 500 ಮಿಲಿಗ್ರಾಂ’ ಅಂತೇನಾದರೂ ಇದ್ದರೆ ಲೆಕ್ಕ ಹೀಗೆ. ಹತ್ತು ಪಾಲು ಒಣ ಗಿಡವನ್ನು ಒಂದು ಪಾಲಿಗೆ ಇಳಿಸಿದ್ದಾರೆ. ಹಾಗಾಗಿ ಒಂದು ಕ್ಯಾಪ್ಸೂಲ್ ಅಂದರೆ 5 ಗ್ರಾಂ ಒಣ ಗಿಡ. ಹಸಿ ಸೊಪ್ಪಿನಲ್ಲಿ ನೂರಕ್ಕೆ 85 ಪಾಲಿಗೂ ಜಾಸ್ತಿ ನೀರೇ ಇರುವುದರಿಂದ, ಅದು 35-40 ಗ್ರಾಂ ಹಸಿ ಸೊಪ್ಪಿಗೆ ಸಮ. ಎರಡು ನುಂಗಿದರೆ ಅದರ ಎರಡರಷ್ಟು. ನಿಮ್ಮ ಅತ್ತೆಯವರು ಮಾಡಿಕೊಂಡು ಬಂದ ತಂಬುಳಿ ಅಡುಗೆ. ನೀವು ಮೂರು ತಿಂಗಳಿಂದ ಮಾಡುತ್ತಿರುವುದು ಔಷಧ ಸೇವನೆ. ‘ತಲೆಮಾರಿನಿಂದ ತಿಂದಿದ್ದೇವೆ, ಏನೂ ಆಗಿಲ್ಲ’ ಎಂಬ ಧೈರ್ಯ ತಂಬುಳಿಗೆ ಸಲ್ಲುತ್ತದೆ, ಆ ಲೋಟಕ್ಕೆ ಸಲ್ಲುವುದಿಲ್ಲ.

ನಿಜ ಹೇಳಬೇಕೆಂದರೆ, ಸೊಪ್ಪಿನ ಒಳಗೆ ಏನಿದೆ ಅನ್ನುವುದಕ್ಕಿಂತ ಅದು ಎಲ್ಲಿ ಬೆಳೆದಿದೆ ಅನ್ನುವುದೇ ನನಗೆ ಜಾಸ್ತಿ ಚಿಂತೆ. ನಿಮ್ಮ ಅಕ್ಕನ ಮಗನಿಗೆ ಹೊಳೆಯದ ವಿಷಯ ಅದು.

ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ಅಡಿಕೆ ಬೆಳೆಯುವವರಿಗೆ ನಾನು ಹೇಳುವುದೇನಿದೆ. ಮಳೆ ಹಿಡಿಯುವ ಮೊದಲು ಒಮ್ಮೆ ಬೋರ್ಡೋ ದ್ರಾವಣ ಹೊಡೆಯುವುದು, 40-45 ದಿನ ಬಿಟ್ಟು ಇನ್ನೊಮ್ಮೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೇಲೆ ಅಡಿಕೆ ಗೊನೆಗೆ ಹೊಡೆದದ್ದು ಮಳೆಯಲ್ಲಿ ತೊಳೆದು ಎಲ್ಲಿಗೆ ಇಳಿಯುತ್ತದೆ? ಮಣ್ಣಿಗೆ, ಅಲ್ಲಿಂದ ಬಸಿಗಾಲುವೆಗೆ. ಮೈಲುತುತ್ತಿನಲ್ಲಿರುವುದು ತಾಮ್ರ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಅಜ್ಜನ ಕಾಲದಲ್ಲಿ ಹೊಡೆದದ್ದರ ಪಾಲೂ ಅಲ್ಲೇ ಇದೆ. ನಮ್ಮ ಮಳೆನಾಡಿನ ಮಣ್ಣು ಹುಳಿ ಮಣ್ಣು ಬೇರೆ. ಅಂಥ ಮಣ್ಣಿನಲ್ಲಿ ತಾಮ್ರ ಗಿಡಕ್ಕೆ ಇನ್ನೂ ಸುಲಭವಾಗಿ ಸಿಗುತ್ತದೆ.

ಒಂದೆಲಗ ಹರಿದು ಹೋಗುವ ಬಳ್ಳಿ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಪ್ರತಿ ಗೆಣ್ಣೂ ತಾನು ಕೂತ ಕೆಸರನ್ನೇ ಕುಡಿಯುತ್ತದೆ. ಮಲೇಷ್ಯಾದಲ್ಲಿ ಈ ಗುಣವನ್ನೇ ಹಿಡಿದು, ಮಣ್ಣಿನ ತಾಮ್ರ, ಸತು, ಸೀಸ ಎಷ್ಟಿದೆ ಎಂದು ತಿಳಿಯಲು ಒಂದೆಲಗವನ್ನೇ ಗುರುತಾಗಿ ಬಳಸಬಹುದೇ ಎಂದು ಪರೀಕ್ಷಿಸಿದ್ದಾರೆ. ಲೋಹ ಜಾಸ್ತಿ ಸಿಕ್ಕಿದ್ದು ಬೇರಿನಲ್ಲಿ. ನಮ್ಮಲ್ಲಿ ಕೆಲವರು ‘ಬೇರಿನಲ್ಲೇ ಗುಣ’ ಎಂದು ಗಿಡವನ್ನು ಬೇರು ಸಮೇತ ಅರೆಯುತ್ತಾರೆ. ತೋಟದ ಸೊಪ್ಪಿಗೆ ಮಾತ್ರ ಅದನ್ನು ಮಾಡಬೇಡಿ.

ಬದುವಿಗೆ ಕಳೆನಾಶಕ ಹೊಡೆಯುವ ಪಕ್ಕದ ತೋಟದ ನೀರು ನಿಮ್ಮ ಕಾಲುವೆಗೆ ಇಳಿಯುತ್ತದೆಯೇ? ಕೊಟ್ಟಿಗೆಯ ನೀರು? ಅದನ್ನೂ ಒಮ್ಮೆ ನಡೆದು ನೋಡಿ ಬನ್ನಿ. ಇಲಿ, ಹೆಗ್ಗಣ ಓಡಾಡುವ ನಿಂತ ನೀರಿನಿಂದ ಇಲಿಜ್ವರ ಬರುತ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಅದು ಹೆಚ್ಚಾಗಿ ಗಾಯವಾದ ಕೈಕಾಲಿನಿಂದ ಒಳಹೋಗುತ್ತದೆ, ಹಾಗಾಗಿ ಸೊಪ್ಪು ತಿನ್ನುವವರಿಗಿಂತ ಕೀಳುವವರಿಗೇ ಅಪಾಯ ಹೆಚ್ಚು. ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಮಳೆಗಾಲದಲ್ಲಿ ಯಾರಿಗಾದರೂ ಜ್ವರ, ಮೈಕೈ ನೋವು, ಕಾಮಾಲೆ ಒಟ್ಟಿಗೆ ಬಂದರೆ ‘ಒಂದೆಲಗ ತಿಂದಿದ್ದಕ್ಕೆ’ ಎಂದು ಮನೆಯಲ್ಲಿ ಕೂರಬಾರದು. ಕೆಸರು ನೀರಿನ ಸೊಪ್ಪನ್ನು ಹಸಿಯಾಗಿ ಅರೆದು ಕುಡಿದರೆ ಆಮಶಂಕೆ, ಟೈಫಾಯ್ಡ್ ಕೂಡ ಜೊತೆಗೆ ಬರಬಹುದು.

ಹಾಗಾದರೆ ಕಾಡಿನದ್ದು ಒಳ್ಳೆಯದಲ್ವಾ, ಅಲ್ಲಿ ಬೋರ್ಡೋ ಇಲ್ಲವಲ್ಲ ಎಂದು ನೀವು ಕೇಳಬಹುದು. ಬೋರ್ಡೋ ಇಲ್ಲ, ಸರಿ. ಆದರೆ ಚೀಲದಲ್ಲಿರುವುದು ಒಂದೆಲಗವೇ ಎಂಬುದು ಮೊದಲ ಪ್ರಶ್ನೆ. ರೋಮ ಇದೆ ಅಂದಿರಿ, ಎಲೆ ದೊಡ್ಡದು ಅಂದಿರಿ. ದೇವಿಮನೆ ಘಟ್ಟದ ಕಡೆ, ಹಳ್ಳದ ಬದಿಯ ನೆರಳಿನಲ್ಲಿ ಹೀಗೆ ಬೆಳೆಯುವುದು ಹೆಚ್ಚಾಗಿ ಹೈಡ್ರೊಕೋಟೈಲ್ ಜವಾನಿಕಾ ಎಂಬ ಬೇರೆ ಗಿಡ. ಹೋಲಿಕೆ ಎಷ್ಟೆಂದರೆ 1753ರಲ್ಲಿ ಗಿಡಗಳಿಗೆ ಶಾಸ್ತ್ರೀಯ ಹೆಸರಿಟ್ಟ ಲಿನೇಯಸ್ ನಮ್ಮ ಒಂದೆಲಗವನ್ನೂ ಹೈಡ್ರೊಕೋಟೈಲ್ ಗುಂಪಿಗೇ ಸೇರಿಸಿದ್ದ. 1879ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಅರ್ಬನ್ ಅದನ್ನು ಸೆಂಟೆಲ್ಲಾಗೆ ಸರಿಸಿದ. ಈಗಂತೂ ಹೈಡ್ರೊಕೋಟೈಲನ್ನು ಕ್ಯಾರೆಟ್ ಕುಟುಂಬದಿಂದಲೇ ಹೊರಗೆ ಹಾಕಿದ್ದಾರೆ. ಅಷ್ಟು ದೊಡ್ಡವರೇ ಒಂದೇ ಗುಂಪು ಅಂದುಕೊಂಡ ಗಿಡಗಳು ತೋಟದ ಕೆಲಸಕ್ಕೆ ಬರುವವರಿಗೆ ಒಂದೇ ಥರ ಕಂಡರೆ ಅವರ ತಪ್ಪಲ್ಲ. ಎರಡನೆಯ ವರ್ಷದ ನನ್ನ ವಿದ್ಯಾರ್ಥಿಗಳು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇದನ್ನೇ ತಂದು ಮಂಡೂಕಪರ್ಣಿ ಎಂದು ಒತ್ತಿ ಅಂಟಿಸುತ್ತಿದ್ದರು.

ಗುರುತು ಹಿಡಿಯುವುದು ಹೀಗೆ. ಒಂದೆಲಗದ ಎಲೆ ಮೂತ್ರಪಿಂಡದ ಆಕಾರ, ಅಂಚು ಮಾತ್ರ ಸಣ್ಣ ಸಣ್ಣ ಅಲೆಯಂತೆ, ಮೇಲ್ಮೈ ನುಣುಪು. ಕಾಡಿನ ಆ ಗಿಡದ ಎಲೆ ಐದಾರು ಕಡೆ ಸೀಳಿ ಮೂಲೆ ಮೂಲೆಯಾಗಿರುತ್ತದೆ, ರೋಮ ಇರುತ್ತದೆ. ಒಂದೆಲಗದ ತೊಟ್ಟಿನ ಬುಡ ಅಗಲವಾಗಿ ಗೆಣ್ಣನ್ನು ತಬ್ಬಿಕೊಂಡಿರುತ್ತದೆ. ಇನ್ನೊಂದರಲ್ಲಿ ಬುಡದ ಹತ್ತಿರ ತೆಳುಪೊರೆಯ ಸಣ್ಣ ಎಸಳು ಇರುತ್ತದೆ. ಸಂಶಯ ತೀರುವುದು ಹೂವಿನಲ್ಲಿ. ಒಂದೆಲಗದ್ದು ಎಲೆಯ ಅಡಿಯಲ್ಲಿ ಅಡಗಿದ, ಎರಡು ಮೂರು ಮಾತ್ರ ಇರುವ, ನಸುಗೆಂಪು ಪುಟಾಣಿ ಹೂ. ಅದರದ್ದು ಹಲವು ಹೂ ಸೇರಿದ ಹಸುರುಬಿಳಿ ಉಂಡೆ. ಹಳದಿ ಗಂಟೆಯಂಥ ಹೂ ಕಂಡರೆ ಅದು ಇಲಿಕಿವಿ, ಅದು ಮೂರನೆಯದೇ ಗಿಡ. ಬೆಂಗಳೂರಿನ ಲಾನುಗಳಲ್ಲಿ ಬೆಳೆಸುವ ಪುಟ್ಟ ದುಂಡೆಲೆಯ ಹಾಸುಗಿಡವನ್ನು ಬ್ರಾಹ್ಮಿ ಎಂದು ಕಿತ್ತು ತಿಂದವರನ್ನೂ ಕಂಡಿದ್ದೇನೆ.

ಗುರುತು ಸರಿಯಾದರೂ ‘ಕಾಡಿನದ್ದಕ್ಕೆ ಗುಣ ಜಾಸ್ತಿ’ ಎಂಬುದು ನಿಯಮವಲ್ಲ. ಒಂದೆಲಗದ ಮುಖ್ಯ ಸತ್ವ ಏಷಿಯಾಟಿಕೋಸೈಡ್ ಮತ್ತು ಅದರ ಬಂಧುಗಳು. ಇವು ತಳಿ, ನೆಲ, ಬಿಸಿಲು, ಕಾಲ ನೋಡಿ ಏರುತ್ತವೆ, ಇಳಿಯುತ್ತವೆ. ಎಲೆ ದೊಡ್ಡದಾಗಿರುವುದು ಹೆಚ್ಚಾಗಿ ನೆರಳಿಗೆ. ಬೆಳಕು ಕಡಿಮೆ ಇರುವಲ್ಲಿ ಗಿಡ ಎಲೆ ಅಗಲಿಸಿಕೊಳ್ಳುತ್ತದೆ ಅಷ್ಟೇ. ಇನ್ನೊಂದು ವಿಷಯ. ಪರೀಕ್ಷೆಯ ಹೊತ್ತಿನಲ್ಲಿ ಎಲ್ಲರಿಗೂ ಒಂದೆಲಗ ಬೇಕು. ಡಿಸೆಂಬರ್‌ನಿಂದ ಮೇವರೆಗಿನ ಅದೇ ಕಾಲ ಮಂಗನ ಕಾಯಿಲೆಯದ್ದೂ ಹೌದು. ಅದು 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಇರುವುದು ನಿಮ್ಮ ಪಕ್ಕದ ಸೊರಬ ತಾಲೂಕಿನಲ್ಲೇ. ಹಳ್ಳದ ಬದಿಯ ತರಗೆಲೆಯಲ್ಲಿ ಕೂತು ಸೊಪ್ಪು ಕೀಳುವುದೆಂದರೆ ಆ ಕಾಯಿಲೆ ಹರಡುವ ಉಣುಗಿಗೆ ಎದುರು ಹೋಗಿ ಕೂತಂತೆ. ಕೆಲಸಕ್ಕೆ ಬರುವವರು ಪ್ರೀತಿಯಿಂದ ತಂದಿದ್ದಾರೆ. ಆದರೆ ಇನ್ನೊಮ್ಮೆ ಕಳಿಸಬೇಡಿ. ಬೇರೆ ಕೆಲಸಕ್ಕೆ ಕಾಡಿಗೆ ಹೋಗುವವರಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಂಡು ಹೋಗಲಿ.

ಈಗ ಮಾಡಬೇಕಾದ್ದು. ಮಗಳ ರಸ, ಕ್ಯಾಪ್ಸೂಲ್ ಎರಡನ್ನೂ ನಿಲ್ಲಿಸಿ. ಒಮ್ಮೆಲೇ ನಿಲ್ಲಿಸಿದರೆ ತೊಂದರೆಯೇನಿಲ್ಲ. ಅವಳಿಗೆ ಹಸಿವು ಕಡಿಮೆಯಾಗಿದೆಯೇ, ಮೈ ತುರಿಕೆ, ಹೊಟ್ಟೆ ತೊಳೆಸುವುದು, ಮೂತ್ರ ಚಹಾದ ಬಣ್ಣಕ್ಕೆ ಬಂದಿದೆಯೇ, ಕಣ್ಣಿನ ಬಿಳಿ ಹಳದಿಯೇ ಎಂದು ನೋಡಿ. ಇದರಲ್ಲಿ ಒಂದಿದ್ದರೂ ಅವತ್ತೇ ವೈದ್ಯರ ಹತ್ತಿರ ಹೋಗಿ, ಕ್ಯಾಪ್ಸೂಲ್ ಡಬ್ಬಿಯನ್ನೂ ಒಯ್ಯಿರಿ. ಏನೂ ಇಲ್ಲದಿದ್ದರೆ ಗಾಬರಿ ಬೇಡ. ಆದರೂ ಇಷ್ಟು ದಿನ, ಇಷ್ಟು ಪ್ರಮಾಣ ಹೋಗಿರುವುದರಿಂದ ಒಂದು ಸಲ ಲಿವರ್ ಪರೀಕ್ಷೆಗೆ ರಕ್ತ ಕೊಡುವುದು ಒಳ್ಳೆಯದು. ಅದರ ಜೊತೆಗೇ ಹಿಮೋಗ್ಲೋಬಿನ್ನೂ ನೋಡಿಸಿ. ‘ಓದಿದ್ದು ನಿಲ್ಲುವುದಿಲ್ಲ’ ಎಂದು ನನ್ನ ಹತ್ತಿರ ಕರೆತಂದ ಈ ವಯಸ್ಸಿನ ಹುಡುಗಿಯರಲ್ಲಿ ಎಷ್ಟೋ ಜನರಿಗೆ ಇದ್ದದ್ದು ರಕ್ತ ಕಡಿಮೆ. ಉಳಿದವರಿಗೆ ನಿದ್ದೆ ಕಡಿಮೆ. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿ ಎಷ್ಟಕ್ಕೆ ಮಲಗುತ್ತಾಳೆ, ಎಷ್ಟಕ್ಕೆ ಎಬ್ಬಿಸುತ್ತೀರಿ ಎಂದು ನೀವು ಬರೆದಿಲ್ಲ.

ಪೂರ್ತಿ ನಿಲ್ಲಿಸಲು ಮನಸ್ಸಿಲ್ಲ, ಔಷಧವಾಗಿಯೇ ಕೊಡಬೇಕು ಎಂದು ನಿಮಗನ್ನಿಸಿದರೆ ಅದಕ್ಕೂ ದಾರಿಯಿದೆ. ಹತ್ತಿರದ ಆಯುರ್ವೇದ ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆಯ ವರದಿ ಬಂದಮೇಲೆ, ಅವರು ಹೇಳಿದ ಪ್ರಮಾಣದಲ್ಲಿ, ಅವರು ಹೇಳಿದಷ್ಟು ದಿನ ಮಾತ್ರ ಕೊಡಿ. ರಸವೋ ಗುಳಿಗೆಯೋ ಒಂದೇ ಇರಲಿ, ಎರಡೂ ಬೇಡ. ಇದರಲ್ಲೂ ಅಪಾಯ ಸೊನ್ನೆಯಾಗುವುದಿಲ್ಲ. ಲಿವರ್ ಕೆಡುವುದು ಬಹಳ ಅಪರೂಪ, ಆದರೆ ಯಾರಿಗೆ ಎಂದು ಮೊದಲೇ ಹೇಳಲು ಬರುವುದಿಲ್ಲ. ನನ್ನ ಮಗಳಾಗಿದ್ದರೆ ನಾನು ಕೊಡುತ್ತಿರಲಿಲ್ಲ. ತಂಬುಳಿ ಮಾಡಿ ಬಡಿಸುತ್ತ ಇರುತ್ತಿದ್ದೆ.

ಅತ್ತೆಯವರ ವಿಷಯ ಬೇರೆ, ಅದನ್ನು ತಡಮಾಡಬೇಡಿ. ಒಂದೆಲಗ ದೊಡ್ಡ ಪ್ರಮಾಣದಲ್ಲಿ ಸ್ವಲ್ಪ ಮಂಪರು ತರುತ್ತದೆ. ನಿದ್ದೆ ಮಾತ್ರೆಯ ಮೇಲೆ ಅದೂ ಸೇರಿದರೆ ರಾತ್ರಿ ಬಚ್ಚಲಿಗೆ ಎದ್ದಾಗ ತೂಕಡಿಕೆ. 78ರಲ್ಲಿ ಒಮ್ಮೆ ಬಿದ್ದರೆ ಸೊಂಟದ ಮೂಳೆ. ಸಕ್ಕರೆಯ ಮಾತ್ರೆ ಬೇರೆ ಇದೆ. ಸಕ್ಕರೆ ಇಳಿದರೂ ತಲೆಸುತ್ತು ಬರುತ್ತದೆ, ಕಾರಣ ಯಾವುದು ಎಂದು ಮನೆಯಲ್ಲಿ ಗೊತ್ತಾಗುವುದಿಲ್ಲ. ರಸ ನಿಲ್ಲಿಸಿ. ಮೂರು ತಿಂಗಳು ಕುಡಿದಿದ್ದಾರೆ ಎಂಬುದನ್ನು ಅವರ ವೈದ್ಯರಿಗೆ ಹೇಳಿ. ನಮ್ಮ ಹಿರಿಯರು ‘ಸೊಪ್ಪಿಂದೆಲ್ಲ ಡಾಕ್ಟರ ಹತ್ತಿರ ಏನು ಹೇಳೋದು’ ಎಂದು ಸುಮ್ಮನಿರುತ್ತಾರೆ, ಹಾಗಾಗಿ ನೀವೇ ಹೇಳಬೇಕು. ಅತ್ತೆಯವರು ಒಪ್ಪದಿದ್ದರೆ ತಂಬುಳಿಯನ್ನು ಒಂದು ಸೌಟು ಜಾಸ್ತಿ ಬಡಿಸಿ. ಗರ್ಭಿಣಿಯರು, ಮೊದಲೇ ಲಿವರ್ ತೊಂದರೆ ಇರುವವರು, ಕ್ಷಯದ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಅವರಿಗೂ ರಸ, ಕ್ಯಾಪ್ಸೂಲ್ ಬೇಡ.

ತಂಬುಳಿಗೆ ಸೊಪ್ಪು ಬೇಕಲ್ಲ, ಅದಕ್ಕೆ ಕುಂಡ ಮಾಡಿ. ಒಡೆದ ಬಕೆಟ್ಟೋ ಅಗಲದ ಟಬ್ಬೋ ಸಾಕು, ಆಳ ಬೇಡ. ತೋಟದ ಮಣ್ಣು ಬೇಡ. ಮದ್ದು ಕಾಣದ ಜಾಗದ ಮಣ್ಣಿಗೆ ಹಳೆಯ ಗೊಬ್ಬರ ಬೆರೆಸಿ. ನಿಮ್ಮ ಕಾಲುವೆಯ ಬಳ್ಳಿಯನ್ನೇ ಎರಡು ಮೂರು ಗೆಣ್ಣು ಇರುವಂತೆ ತುಂಡುಮಾಡಿ ನೆಡಬಹುದು, ಗಿಡದ ತಪ್ಪೇನಿಲ್ಲ. ಹಳೆಯ ಎಲೆ ತೆಗೆದುಬಿಡಿ, ಹೊಸ ಮಣ್ಣಿನಲ್ಲಿ ಬಂದ ಹೊಸ ಎಲೆ ಮಾತ್ರ ತಿನ್ನಿ. ಅರ್ಧ ನೆರಳು, ಬಾವಿಯ ನೀರು ದಿನಾ. ಬಚ್ಚಲ ನೀರು ಹರಿಯುವ ಜಾಗದಲ್ಲಿ ಇಡಬೇಡಿ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದು ಹುಟ್ಟುವುದು ಅಲ್ಲೇ! ಎರಡು ಮೂರು ತಿಂಗಳಿಗೆ ಟಬ್ಬು ತುಂಬುತ್ತದೆ. ಬೇರು ಕೀಳದೆ ತೊಟ್ಟು ಸಮೇತ ಎಲೆ ಚಿವುಟಿ. ಎರಡು ಮೂರು ನೀರಿನಲ್ಲಿ ತೊಳೆದು, ಜೀರಿಗೆ ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡುವವರೆಗೆ ಹುರಿದು, ಆಮೇಲೆ ಕಾಯಿತುರಿ ಹಾಕಿ ಅರೆಯಿರಿ. ಹಸಿಯಾಗಿ ಅರೆದದ್ದೇ ರುಚಿ ಅನ್ನುವವರಿದ್ದಾರೆ, ನಮ್ಮ ಮನೆಯಲ್ಲೂ ಇದ್ದಾರೆ. ಕುಂಡದ ಸೊಪ್ಪಾದರೆ ಅದೂ ಆಗಬಹುದು.

ಇನ್ನು ಆ ಚೀಲ. ಅದರಿಂದ ಹೂ ಇರುವ ಒಂದು ಬಳ್ಳಿಯನ್ನು ಆರಿಸಿ, ಗೆಣ್ಣಿನ ಬೇರು ಸಮೇತ. ಹೂ ಸಿಗದಿದ್ದರೆ ಚಿಕ್ಕ ಕಾಯಿ ಇದ್ದರೂ ಸಾಕು. ಹಳೆಯ ಪೇಪರಿನ ನಡುವೆ ಎಲೆ ಮಡಚದಂತೆ ಹರಡಿ, ಒಂದೆಲೆಯ ಅಡಿಭಾಗ ಮೇಲೆ ಬರುವಂತೆ ಇಟ್ಟು, ಮೇಲೆ ಭಾರ ಹೇರಿ. ಪೇಪರ್ ದಿನಾ ಬದಲಿಸಿ. ವಾರದಲ್ಲಿ ಒಣಗುತ್ತದೆ. ಎಲ್ಲಿಂದ ತಂದದ್ದು, ಯಾವ ದಿನ ಎಂದು ಒಂದು ಚೀಟಿ ಬರೆದು ಜೊತೆಗಿಡಿ. ಪಕ್ಕದ ಹಾಳೆಯಲ್ಲಿ ನಿಮ್ಮ ಬಸಿಗಾಲುವೆಯ ಬಳ್ಳಿಯದ್ದೂ ಒಂದು ಇರಲಿ. ಮಗಳು ವಿಜ್ಞಾನ ಓದುವವಳಾದರೆ ಅವಳ ಕೈಯಲ್ಲೇ ಮಾಡಿಸಿ. ಎರಡನ್ನೂ ಕಳಿಸಿದರೆ ಹೆಸರು ಬರೆದು ವಾಪಸ್ ಕಳಿಸುತ್ತೇನೆ.